ಕಳಸಗಿತ್ತಿ ತಿಂದ ಜೀರಿಗೆ ಬೆಲ್ಲ

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಒಂದೇ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ: 'ಟೆನ್ಷನ್ ತಗೋಬೇಡಿ.' ಇದನ್ನು ಹೇಳದ ಪ್ರಾಣಿ ಮುಳಬಾಗಿಲಿನಲ್ಲಿ ಇಲ್ಲ. ಡಾಕ್ಟರು ನನ್ನ ಮುಖ ನೋಡದೆ ಚೀಟಿ ಗೀಚುತ್ತಾ ಹೇಳಿದರು. ಮೆಡಿಕಲ್ ಅಂಗಡಿಯವನು ಮಾತ್ರೆ ಕತ್ತರಿಸಿ ಕೊಡುತ್ತಾ ಹೇಳಿದ. ನಮ್ಮ ಮನೆಯವರು ಟಿ.ವಿ.ಯಿಂದ ಕಣ್ಣು ಕೀಳದೆ ಹೇಳಿದರು. ಟೆನ್ಷನ್ನನ್ನು ನಾನೇ ಪ್ರತಿ ವಾರ ಸಂತೆಗೆ ಹೋಗಿ ಆರಿಸಿ ತರುತ್ತೇನೇನೋ ಅನ್ನುವ ಹಾಗೆ! ಅದನ್ನು ತಂದು ನನ್ನ ಬಾಗಿಲಲ್ಲಿ ಸುರಿಯುವವರು ತಾವೇ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿಲ್ಲ.

ನಾನು ಶ್ರೀನಿವಾಸಪುರದ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮುಳಬಾಗಿಲಿನಿಂದ ದಿನಾ ಬಸ್ಸು. ಶ್ರೀನಿವಾಸಪುರ ಎಂದ ಮೇಲೆ ಮಾವಿನ ಹಣ್ಣಿನ ವಿಷಯ ಹೇಳಬೇಕಾಗಿಲ್ಲ. ಸೀಸನ್ನಿನಲ್ಲಿ ಮಕ್ಕಳ ತಂದೆತಾಯಿ ಸ್ಟಾಫ್ ರೂಮಿಗೆ ಬಾದಾಮಿ ಹಣ್ಣು ತಂದು ಹಂಚುತ್ತಾರೆ. ಎಲ್ಲರ ಮೇಜಿನ ಮೇಲೂ ಹಣ್ಣು ಇಟ್ಟು ನನ್ನ ಮೇಜಿನ ಹತ್ತಿರ ಬಂದಾಗ ಮುಖ ಸಣ್ಣದು ಮಾಡಿಕೊಂಡು, "ಮೇಡಂ, ನಿಮಗೆ ಶುಗರ್ ಅಲ್ವಾ? ಅದಕ್ಕೆ ನಿಮಗೆ ಮಾತ್ರ ಉಪ್ಪಿನಕಾಯಿಗೆ ಕಾಯಿ ತಂದಿದೀನಿ" ಅನ್ನುತ್ತಾರೆ. ನನಗೆ ಒಂದು ಹೋಳು ಹಣ್ಣು ತಿನ್ನಲು ಅಡ್ಡಿಯಿಲ್ಲ, ಬಾಣಲೆಗಟ್ಟಲೆ ಉಪ್ಪು ಎಣ್ಣೆ ತಿನ್ನಲು ಅಡ್ಡಿಯಿದೆ. ಆದರೆ ಇದನ್ನು ಯಾರಿಗೆ ಹೇಳುವುದು? ಹೇಳಿದರೆ, 'ಪಾಪ, ಆಸೆ' ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಕಾಫಿ ಎಂದು ಮೆಲ್ಲಗೆ ಹೇಳಿದರೆ ಆ ಮಹಾನುಭಾವ ಒಳಗಿನ ತನಕ ಕೇಳಿಸುವಂತೆ "ಒಂದು ಶುಗರ್‌ಲೆಸ್!" ಎಂದು ಕೂಗುತ್ತಾನೆ. ಕೂತವರೆಲ್ಲ ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಪಕ್ಕದ ಮನೆಯಾಕೆಗೆ ಇನ್ನೊಂದು ನಂಬಿಕೆ: ರಾಗಿ ಮುದ್ದೆ ಎಷ್ಟು ನುಂಗಿದರೂ ಸಕ್ಕರೆ ಏರುವುದಿಲ್ಲವಂತೆ. ತಟ್ಟೆ ಮುಚ್ಚುವಷ್ಟು ದೊಡ್ಡ ಮುದ್ದೆ ಕಟ್ಟಿ, "ಅನ್ನ ಮುಟ್ಬೇಡಿ, ಇದು ತಿನ್ನಿ, ಗಟ್ಟಿಯಾಗಿರ್ತೀರ" ಎಂದು ಕಳಿಸುತ್ತಾಳೆ. ಅದನ್ನು ತಿಂದರೆ ಮೀಟರ್ ಕೊಡುವ ಅಂಕಿಯನ್ನು ಆಕೆ ಬಂದು ನೋಡುವುದಿಲ್ಲ. ನೋಡಿದರೂ ಮೀಟರೇ ಸರಿಯಿಲ್ಲ ಅನ್ನುವಳೇ ಹೊರತು ಮುದ್ದೆಯ ಮೇಲೆ ಒಂದು ಮಾತು ಬರಗೊಡುವುದಿಲ್ಲ.

ಇವರೆಲ್ಲರಿಗೂ ಗುರು ನನ್ನ ಗಂಡನ ಅಣ್ಣ. ನಿವೃತ್ತ ಅಧಿಕಾರಿ. ಎಲ್ಲವನ್ನೂ ಬಲ್ಲವರು. ಅವರಿಗೂ ಸಕ್ಕರೆ ಕಾಯಿಲೆ ಇದೆ, ಆದರೆ ಅವರು ಅದನ್ನು ಹಾಗೆ ಕರೆಯುವುದಿಲ್ಲ. "ನಂದು ಬರೀ ಬಾರ್ಡರ್‌ನಲ್ಲಿದೆ ಕಣಮ್ಮ" ಅನ್ನುತ್ತಾರೆ. ನಮ್ಮ ನೆಂಟರಲ್ಲಿ ಯಾರಿಗೂ ಕಾಯಿಲೆ ಇಲ್ಲ, ಎಲ್ಲರದೂ ಬಾರ್ಡರೇ. ವರ್ಷಗಟ್ಟಲೆ ಮಾತ್ರೆ ನುಂಗುತ್ತಾ ಬಾರ್ಡರಿನಲ್ಲೇ ಗುಡಾರ ಹಾಕಿಕೊಂಡಿದ್ದಾರೆ. ಭಾವ ಮಾತ್ರೆಯನ್ನು ಅಂಗಿಯ ಜೇಬಿನಲ್ಲಿ, ಕನ್ನಡಕದ ಡಬ್ಬಿಯೊಳಗೆ ಅಡಗಿಸಿ ಇಟ್ಟುಕೊಳ್ಳುತ್ತಾರೆ. ಊಟಕ್ಕೆ ಮೊದಲು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಾಯಿಗೆ ಹಾಕಿಕೊಂಡು ಬಂದು, ನನಗೆ ಅಮೃತಬಳ್ಳಿ ಎಲೆ, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿಯ ಉಪದೇಶ ಶುರು ಮಾಡುತ್ತಾರೆ. ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ ಎಂಬುದು ಅವರ ಕಣ್ಣಲ್ಲಿ ನನ್ನ ನಡತೆಗೆ ಸಂಬಂಧಪಟ್ಟ ವಿಷಯ.

ನಗುವ ಹಾಗೆ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ನನಗೆ ಅವಮಾನವಾಗುತ್ತಿತ್ತು. ಪಂಕ್ತಿಯಲ್ಲಿ ಕೂತರೆ ಬಡಿಸುವವನು ನನ್ನ ಎಲೆಗೆ ಒಬ್ಬಟ್ಟು ತರುವ ಮೊದಲೇ ಯಾರಾದರೂ ಆ ತುದಿಯಿಂದ "ಆಯಮ್ಮಂಗೆ ಹಾಕ್ಬೇಡಪ್ಪಾ, ಶುಗರ್!" ಎಂದು ಕೂಗುವರು. ಮೂವತ್ತು ವರ್ಷ ಮಕ್ಕಳ ಎದುರು ತಲೆ ಎತ್ತಿ ನಿಂತವಳು, ಎಲೆಯ ಮುಂದೆ ತಲೆ ತಗ್ಗಿಸಿ ಕೂರುವುದನ್ನು ಕಲಿತೆ. ಬೆಳಗ್ಗೆ ಬೆರಳು ಚುಚ್ಚಿದಾಗ ಅಂಕಿ ಜಾಸ್ತಿ ಬಂದರೆ ಇಡೀ ದಿನ ಫೇಲಾದವಳಂತೆ ಇರುತ್ತಿದ್ದೆ. ಆಮೇಲಾಮೇಲೆ ಮದುವೆ ಮುಂಜಿಗೆ ಹೋಗುವುದು ಬಿಟ್ಟೆ. ಏನಾದರೂ ಸಿಹಿ ತಿನ್ನಬೇಕು ಎನಿಸಿದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡು, ತುಟಿ ಒರೆಸಿಕೊಂಡು ಹೊರಗೆ ಬರುತ್ತಿದ್ದೆ. ನನ್ನದೇ ಮನೆಯಲ್ಲಿ, ನನ್ನದೇ ಸಂಬಳದ ಬೆಲ್ಲ.

ಕೋಲಾರದಲ್ಲಿ ಒಮ್ಮೆ ನಮಗೆ, ಅಂದರೆ ಬಿಪಿ ಶುಗರ್ ಇರುವ ಮೇಷ್ಟ್ರುಗಳಿಗೆ, ಮನಸ್ಸಿನ ನೆಮ್ಮದಿಯ ಬಗ್ಗೆ ಒಂದು ಕಾರ್ಯಕ್ರಮ ಇಟ್ಟಿದ್ದರು. ಕೋಟು ಹಾಕಿದ ಒಬ್ಬ ಭಾಷಣಕಾರ ಬಂದು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಕೈ ಮೇಲೆತ್ತಿಸಿ, ಜೋರಾಗಿ ನಗಿಸಿದ. ನಿವೃತ್ತಿ ಹತ್ತಿರವಾದ ಹೆಡ್ ಮಾಸ್ಟರುಗಳು ಮೊಣಕಾಲು ಹಿಡಿದುಕೊಂಡು ಹಾ ಹಾ ಎಂದರು. "ಕಾಯಿಲೆ ಇರೋದು ದೇಹಕ್ಕೆ ಅಲ್ಲ, ಯೋಚನೆಗೆ" ಎಂದು ಆತ ಹೇಳಿದಾಗ ಚಪ್ಪಾಳೆ ಬೇರೆ. ಆಮೇಲೆ ಊಟಕ್ಕೆ ಜಾಮೂನು. ನನ್ನ ತಟ್ಟೆಗೆ ಬಿದ್ದ ಜಾಮೂನನ್ನು ಆ ಭಾಷಣಕಾರನೇ ಚಮಚದಲ್ಲಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡು, "ನಿಮಗ್ಯಾಕೆ ರಿಸ್ಕು ಮೇಡಂ" ಎಂದ. ನನ್ನ ನೆಮ್ಮದಿಗೆ ಅಂದು ಸಿಕ್ಕಿದ್ದು ಅಷ್ಟೇ.

ಹೀಗಿರುವಾಗ ತಮ್ಮನ ಮಗಳ ಮದುವೆ ಗೊತ್ತಾಯಿತು. ತಮ್ಮ ಹುತ್ತೂರಿನ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಗಂಡಿನವರು ಮಾಲೂರಿನ ಕಡೆಯವರು. ನಮ್ಮಲ್ಲಿ ಮದುವೆಗೆ ಕಳಸಗಿತ್ತಿ ಬೇಕು. ತುಂಬಿದ ಕಳಸ ಹಿಡಿದು ಮದುಮಗಳ ಜೊತೆಯಲ್ಲೇ ಇದ್ದು, ಧಾರೆ ಮುಗಿಯುವವರೆಗೂ ಅವಳ ಹಿಂದೆ ನಿಲ್ಲುವ ಹೆಂಗಸು. ಅಕ್ಕತಂಗಿಯರಿದ್ದರೆ ಅವರ ಹಕ್ಕು, ಇಲ್ಲದಿದ್ದರೆ ಸೋದರತ್ತೆಯದು. ಹುಡುಗಿಗೆ ಅಕ್ಕತಂಗಿಯರಿಲ್ಲ, ಇರುವ ಸೋದರತ್ತೆ ನಾನೊಬ್ಬಳೇ. ನನಗೆ ಮಕ್ಕಳಿಲ್ಲ. ಆ ಹುಡುಗಿ ಮಗ್ಗಿ ಕಲಿತದ್ದು ನನ್ನ ತೊಡೆಯ ಮೇಲೆ. ಬೇರೆ ಯಾವ ಫಂಕ್ಷನ್ ಬಿಟ್ಟರೂ ಇದೊಂದನ್ನು ಬಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಯಾವತ್ತೋ ಎತ್ತಿಟ್ಟುಕೊಂಡಿದ್ದೆ.

ತಮ್ಮ ಲಗ್ನಪತ್ರಿಕೆ ಹಿಡಿದು ಮನೆಗೆ ಬಂದ. ಕಾಫಿ ಕುಡಿದು, ಲೋಟವನ್ನೇ ನೋಡುತ್ತಾ ಶುರು ಮಾಡಿದ.

"ಕಳಸಕ್ಕೆ ನಮ್ಮೋಳ ತಂಗೀನ ಕೂರಿಸ್ತೀವಕ್ಕ. ನಿನಗ್ಯಾಕೆ ಸುಮ್ನೆ ಆಯಾಸ? ನೀನು ಮುಂದಿನ ಸಾಲಲ್ಲಿ ಸೋಫಾ ಮೇಲೆ ಕೂತ್ಕೋ."

"ಯಾಕೆ, ನನ್ನ ಕೈಗೆ ಏನಾಗಿದೆ?"

"ಕೈಗಲ್ಲಕ್ಕ. ಕಳಸಗಿತ್ತಿ ಉಪವಾಸ ಇರ್ಬೇಕಲ್ಲ. ನೀನೋ ಶುಗರ್. ಮಧ್ಯದಲ್ಲಿ ಏನಾದ್ರೂ ಆದ್ರೆ ಜನ ಏನಂತಾರೆ?"

ನನಗೆ ಏನಾದರೂ ಆದರೆ ಎಂಬುದಲ್ಲ ಅವನ ಚಿಂತೆ, ಜನ ಏನನ್ನುತ್ತಾರೆ ಎಂಬುದು. ನಾನು ಅವನಿಗೆ ಬಾಗಿಲು ತೋರಿಸುವುದೊಂದು ಬಾಕಿ. ಆ ಸಾಯಂಕಾಲವೇ ಹುಡುಗಿ ಫೋನು ಮಾಡಿದಳು. "ಅತ್ತೆ, ನೀವು ಕಳಸ ಹಿಡೀದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ ಅಂತ ಹೇಳಿದೀನಿ" ಎಂದಳು. ಫೋನು ಇಟ್ಟು ನಾನು ಅತ್ತುಬಿಟ್ಟೆ.

ಇನ್ನು ಉಳಿದದ್ದು ದೊಡ್ಡಮ್ಮನ ಒಪ್ಪಿಗೆ. ದೊಡ್ಡಮ್ಮ ನಮ್ಮ ಅಮ್ಮನ ಅಕ್ಕ, ಶಾಸ್ತ್ರಗಳಿಗೆಲ್ಲ ಅವರೇ ಹೈಕೋರ್ಟು. ನಾನು ನೇರವಾಗಿ ಹೇಳಿದೆ: ಬೆಳಗ್ಗೆ ಇಂಜೆಕ್ಷನ್ ತಗೊಂಡು ತಿಂಡಿ ತಿಂದೇ ತಿನ್ನುತ್ತೇನೆ, ತಿಂದೇ ಕಳಸ ಹಿಡಿಯುತ್ತೇನೆ. ಬಹಳ ಹೊತ್ತು ಗೊಣಗಿ ಕೊನೆಗೆ ತೀರ್ಪು ಬಂತು. ಅಕ್ಕಿಯದು ಏನೂ ಮುಟ್ಟಬಾರದು. ರವೆ ಉಪ್ಪಿಟ್ಟು ತಿನ್ನಬಹುದು, ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ದೇವರಿಗೆ ರವೆಯ ವಿಷಯ ಗೊತ್ತಿಲ್ಲ ಎಂದು ನಮ್ಮ ಕಡೆಯವರು ಎಂದೋ ತೀರ್ಮಾನಿಸಿದ್ದಾರೆ.

ಮದುವೆ ಕೋಲಾರದ ಹೈವೇ ಪಕ್ಕದ ಒಂದು ಚೌಟ್ರಿಯಲ್ಲಿ, ಸೋಮವಾರ. ಬೆಳಗ್ಗೆ ಉಪ್ಪಿಟ್ಟು ತಯಾರು ಎಂದು ಅಡುಗೆಯವರು ಹೇಳಿದ ಮೇಲೆಯೇ ನಾನು ಮದುಮಗಳ ರೂಮಿನಲ್ಲಿ ಇಂಜೆಕ್ಷನ್ ಚುಚ್ಚಿಕೊಂಡೆ. ತಟ್ಟೆಯೂ ಬಂತು. ಕೈ ಹಾಕಬೇಕು, ಅಷ್ಟರಲ್ಲಿ ದೊಡ್ಡಮ್ಮ ಗೋಡೆ ಗಡಿಯಾರ ನೋಡಿದರು.

"ಅಯ್ಯೋ ದೇವುಡಾ! ರಾಹುಕಾಲ ಬಂತಲ್ಲೇ! ಕಳಸಕ್ಕೆ ಕೂರೋಳು ರಾಹುಕಾಲದಲ್ಲಿ ಬಾಯಿ ಮುಟ್ಟಿಸ್ತಾಳಾ? ಬಿಡು, ಕಳೀಲಿ, ಆಮೇಲೆ ತಿನ್ನು."

"ದೊಡ್ಡಮ್ಮ, ಇಂಜೆಕ್ಷನ್ ಆಗಿದೆ. ಈಗ ತಿನ್ನಲೇಬೇಕು. ರಾಹು ಕಾಯ್ತಾನೆ, ಇದು ಕಾಯಲ್ಲ."

ನಾನು ಮಾತು ಮುಗಿಸುವುದರೊಳಗೆ ತಟ್ಟೆ ಮಾಯವಾಗಿತ್ತು. ಅದನ್ನು ಹುಡುಕಿಕೊಂಡು ಊಟದ ಹಾಲಿಗೆ ಹೋದರೆ, ಗಂಡಿನ ಕಡೆಯ ಹಿರಿಯರೊಬ್ಬರು ಇವತ್ತು ಸೋಮವಾರ, ಅನ್ನ ತಿನ್ನುವುದಿಲ್ಲ ಎಂದಿದ್ದಕ್ಕೆ ನನ್ನ ಉಪ್ಪಿಟ್ಟು ಪಾತ್ರೆ ಸಮೇತ ಅವರಿಗೆ ಹೋಗಿತ್ತು. ಬೀಗರು ತಾನೆ, ಕೇಳುವ ಹಾಗಿಲ್ಲ. ದೊಡ್ಡಮ್ಮನ ಅಕ್ಕಿಯ ತೀರ್ಪು ಮುರಿದು ಅಲ್ಲೇ ಎರಡು ಇಡ್ಲಿ ತಿನ್ನೋಣ ಎಂದರೆ ಗಂಡಿನವರ ಪಂಕ್ತಿ ಏಳುವ ತನಕ ಹೆಣ್ಣಿನವರಿಗೆ ಬಡಿಸುವುದಿಲ್ಲ. ನನ್ನ ಪರ್ಸಿನಲ್ಲಿ ಗ್ಲೂಕೋಸ್ ಇತ್ತು. ಪರ್ಸು ಒಡವೆಗಳಿದ್ದ ರೂಮಿನಲ್ಲಿ, ರೂಮಿಗೆ ಬೀಗ, ಬೀಗದ ಕೈ ನಾದಿನಿಯ, ಅಂದರೆ ತಮ್ಮನ ಹೆಂಡತಿಯ, ಸೊಂಟದಲ್ಲಿ. ನಾದಿನಿ ಆರತಿ ತಟ್ಟೆ ಹಿಡಿದು ಹೆಬ್ಬಾಗಿಲಲ್ಲಿ ದಿಬ್ಬಣದ ಎರಡನೇ ಬಸ್ಸಿನವರನ್ನು ಎದುರುಗೊಳ್ಳುತ್ತಿದ್ದಳು. ಅಲ್ಲಿಗೆ ಹೋಗುವುದರೊಳಗೆ ಯಾರೋ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಮಂಟಪಕ್ಕೆ ಹತ್ತಿಸಿ ಕೈಗೆ ಕಳಸ ಕೊಟ್ಟರು.

ಮೊದಲು ಅಂಗೈ ಬೆವರಿತು. ಆಮೇಲೆ ಕುತ್ತಿಗೆ, ಬೆನ್ನು, ಸೀರೆಯೆಲ್ಲ ತಣ್ಣಗೆ ಒದ್ದೆಯಾಯಿತು. ಕಳಸದ ಮೇಲಿನ ತೆಂಗಿನಕಾಯಿ ನಡುಗುತ್ತಿತ್ತು. ಪುರೋಹಿತರ ಬಾಯಿ ಆಡುವುದು ಕಾಣುತ್ತಿತ್ತು, ಮಂತ್ರ ದೂರದಲ್ಲೆಲ್ಲೋ ಕೇಳುತ್ತಿತ್ತು. ಇದೇನೆಂದು ನನಗೆ ಚೆನ್ನಾಗಿ ಗೊತ್ತು: ಸಕ್ಕರೆ ಕೆಳಗೆ ಇಳಿಯುತ್ತಿದೆ, ತಕ್ಷಣ ಏನಾದರೂ ಸಿಹಿ ಹೊಟ್ಟೆಗೆ ಬೀಳದಿದ್ದರೆ ಇಲ್ಲೇ ಉರುಳುತ್ತೇನೆ. ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕಳಸ ದಾಟಿಸಿ ಕೆಳಗೆ ಕೂತೆ. ಎದುರಿಗೇ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಜೀರಿಗೆ ಬೆಲ್ಲ ಇತ್ತು. ಮುಹೂರ್ತದ ಹೊತ್ತಿಗೆ ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಇಡುವುದು. ನಾನು ಅದಕ್ಕೆ ಕೈ ಚಾಚಿದೆ.

ದೊಡ್ಡಮ್ಮ ನನ್ನ ಕೈ ಮೇಲೆ ಪಟ್ಟನೆ ಹೊಡೆದರು. "ಚೂಡಮ್ಮಾ ದೀನಿ ಆಶ!" ಎಂದು ತೆಲುಗಿನಲ್ಲಿ ಸುತ್ತಲಿನವರಿಗೆ ನನ್ನ ಆಸೆಬುರುಕತನ ತೋರಿಸಿದರು. "ಶುಗರ್ ಇರೋಳು ಬೆಲ್ಲಕ್ಕೆ ಕೈ ಹಾಕ್ತಾಳೆ! ಅದೂ ಮುಹೂರ್ತದ್ದು!"

"ಸಕ್ಕರೆ ಇಳಿದಿದೆ... ಬೆಲ್ಲ ಕೊಡಿ..." ನಾಲಿಗೆ ದಪ್ಪವಾಗಿ ಮಾತು ತೊದಲಿತು. ಹೆಂಗಸರು ನಕ್ಕರು. ಒಬ್ಬಳು ತಟ್ಟೆಯನ್ನು ಇನ್ನೂ ದೂರ ಸರಿಸಿದಳು, ನಾನು ಬೆಣ್ಣೆ ಕದಿಯಲು ಬಂದ ಬೆಕ್ಕೇನೋ ಅನ್ನುವ ಹಾಗೆ.

ಅಷ್ಟರಲ್ಲಿ ಭಾವ ಮಂಟಪ ಹತ್ತಿ ಬಂದರು. ಬಂದವರು ನನ್ನ ಮುಖ ನೋಡಿ ಒಂದೇ ಏಟಿಗೆ ರೋಗ ಪತ್ತೆ ಮಾಡಿದರು. "ಶುಗರ್ ಜಾಸ್ತಿ ಆಗಿದೆ. ಹೆಂಗೆ ಬೆವರ್ತಾ ಇದಾಳೆ ನೋಡಿ. ಯಾರೂ ಗಾಬರಿ ಆಗ್ಬೇಡಿ" ಎಂದು ಕನ್ನಡಕದ ಡಬ್ಬಿ ತೆಗೆದು, ಅದರೊಳಗಿಂದ ತಮ್ಮ ಸಕ್ಕರೆ ಇಳಿಸುವ ಮಾತ್ರೆ ತೆಗೆದು ನನ್ನ ಬಾಯಿಗೆ ಹಿಡಿದರು. "ಹಾಕ್ಕೊಮ್ಮ, ಸರ್ರನೆ ಇಳಿಯುತ್ತೆ."

ಇಳಿದು ಸಾಯುತ್ತಿರುವವಳಿಗೆ ಇನ್ನೂ ಇಳಿಸುವ ಮಾತ್ರೆ! ಆ ಮಂಜಿನಲ್ಲೂ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇವರು ಯಾರೂ ಕೆಟ್ಟವರಲ್ಲ. ನನ್ನನ್ನು ಕಾಳಜಿಯಿಂದಲೇ ಕೊಂದು, ಆಮೇಲೆ 'ಪಾಪ, ಶುಗರ್ ಇತ್ತು' ಎಂದು ಹೇಳಿ, ಕೈ ತೊಳೆದು ಊಟಕ್ಕೆ ಹೋಗುವವರು. ಇಷ್ಟು ವರ್ಷ ನಾನು ಬಾಗಿಲ ಹಿಂದೆ ನಿಂತು ತಿಂದದ್ದು ಇಂಥವರ ಕಣ್ಣಿಗೆ ಹೆದರಿ! ಮೈಯಲ್ಲಿ ಶಕ್ತಿ ಇರಲಿಲ್ಲ, ಸಿಟ್ಟು ಇತ್ತು. ಭಾವನ ಕೈಯನ್ನು ಪಕ್ಕಕ್ಕೆ ತಳ್ಳಿ, ಮೊಣಕಾಲ ಮೇಲೆ ಮುಂದಕ್ಕೆ ಹೋಗಿ ತಟ್ಟೆ ಎಳೆದುಕೊಂಡೆ. ಎಲೆಯ ಮೇಲಿದ್ದ ಜೀರಿಗೆ ಬೆಲ್ಲವನ್ನೆಲ್ಲ ಬಾಚಿ ಬಾಯಿಗೆ ತುರುಕಿಕೊಂಡೆ. ಗಂಡಿನ ಎಲೆಯದೂ ತಿಂದೆ, ಹೆಣ್ಣಿನ ಎಲೆಯದೂ ತಿಂದೆ. ಬೆರಳು ನೆಕ್ಕಿದೆ.

ಈಗಿನ ಮದುವೆಗಳಲ್ಲಿ ಹಿಂದೆ ಕೂತವರಿಗೂ ಕಾಣಲಿ ಎಂದು ಮಂಟಪದ ಎರಡೂ ಕಡೆ ದೊಡ್ಡ ಸ್ಕ್ರೀನ್ ಹಾಕುತ್ತಾರಲ್ಲ, ಅದನ್ನು ನಾನು ಮರೆತಿದ್ದೆ. ವಿಡಿಯೋದವನು ತನ್ನ ಕರ್ತವ್ಯ ಮರೆತಿರಲಿಲ್ಲ. ಕಳಸಗಿತ್ತಿ ಮುಹೂರ್ತದ ಬೆಲ್ಲ ನೆಕ್ಕುವುದನ್ನು ಇಡೀ ಚೌಟ್ರಿ ಆನೆಯಷ್ಟು ದೊಡ್ಡದಾಗಿ ನೋಡಿತು. ಹಾಲಿನಲ್ಲಿ ಗುಜುಗುಜು ಎದ್ದಿತು. ದೊಡ್ಡಮ್ಮ ಎದೆ ಬಡಿದುಕೊಂಡರು, ಪುರೋಹಿತರು ಮಂತ್ರ ನಿಲ್ಲಿಸಿ ಬೇರೆ ಜೀರಿಗೆ ಬೆಲ್ಲ ಕುಟ್ಟಿ ತರಲು ಹೇಳಿದರು. ಅಡುಗೆಯವರ ಹತ್ತಿರ ಜೀರಿಗೆಗೂ ಬೆಲ್ಲಕ್ಕೂ ಬರವೇ? ಮುಹೂರ್ತ ಮೀರುವ ಮೊದಲೇ ಬಂತು.

ಅಷ್ಟು ಹೊತ್ತಿಗೆ ನನ್ನ ಬೆವರು ಆರಿತ್ತು, ಎದುರಿನ ಮುಖಗಳು ನೆಟ್ಟಗೆ ಕಾಣುತ್ತಿದ್ದವು. ತಮ್ಮ ಓಡಿಬಂದು, ಒಂದು ಲೋಟ ಹಾಲು ಕುಡಿಸಿ, "ಕೆಳಗೆ ಬಾಕ್ಕ, ಸಾಕು" ಎಂದ. "ಸಾಕಾಗಿರೋದು ನನಗೆ, ಕಳಸಕ್ಕಲ್ಲ. ಕೊಡು ಇಲ್ಲಿ" ಎಂದು ಕಳಸ ಹಿಡಿದಿದ್ದ ಹೆಂಗಸಿನ ಕಡೆ ಕೈ ಚಾಚಿ ಎದ್ದು ನಿಂತೆ. ಮದುಮಗಳು ಬಾಸಿಂಗದ ಕೆಳಗಿನಿಂದ ನನ್ನ ಕಡೆ ಓರೆಯಾಗಿ ನೋಡಿ ಪಿಸುಗುಟ್ಟಿದಳು: "ಅತ್ತೆ, ನನಗೂ ಸ್ವಲ್ಪ ಉಳಿಸ್ಬಾರ್ದಿತ್ತಾ? ಬೆಳಗ್ಗೆಯಿಂದ ಹೊಟ್ಟೆ ಹಸಿದು ಸಾಯ್ತಿದೀನಿ." ಧಾರೆ ಮುಗಿಯುವವರೆಗೂ ಕಳಸ ನನ್ನ ಕೈಯಲ್ಲೇ ಇತ್ತು.

ಆಮೇಲೆ ನಡೆದದ್ದು ನೀವೇ ಊಹಿಸಬಹುದು. ಆ ವಿಡಿಯೋ ತುಂಡು ನೆಂಟರ ವಾಟ್ಸಾಪಿನಲ್ಲಿ ಮಾಲೂರಿನವರೆಗೂ ಹೋಗಿ ಬಂತು. ಕಥೆಯೂ ಜೊತೆಗೆ ಹೋಯಿತು: ಶುಗರ್ ಇದ್ದರೂ ನಾಲಿಗೆ ಚಪಲ ತಡೆಯಲಾರದೆ ಮಂಟಪದಲ್ಲೇ ಬೆಲ್ಲ ಕದ್ದು ತಿಂದಳು. ನಾನು ಸತ್ಯ ಏನೆಂದು ವಿವರವಾಗಿ ಬರೆದು ಹಾಕಿದೆ. ಅದಕ್ಕೆ ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಭಾವ ಮಾತ್ರ ಉತ್ತರ ಬರೆದರು: 'ಟೆನ್ಷನ್ ತಗೋಬೇಡಮ್ಮ.'

ವಿಚಿತ್ರವೆಂದರೆ ಅಂದಿನಿಂದ ನನ್ನ ಮನಸ್ಸು ಹಗುರವಾಯಿತು. ಇಡೀ ಚೌಟ್ರಿಯ ಎದುರು ಬೆರಳು ನೆಕ್ಕಿದವಳಿಗೆ ಮುಚ್ಚಿಡಲು ಇನ್ನೇನು ಉಳಿದಿದೆ? ಈಗ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಇಂಜೆಕ್ಷನ್ ಚುಚ್ಚಿಕೊಳ್ಳುತ್ತೇನೆ. ಹಣ್ಣು ತಂದವರ ಬುಟ್ಟಿಯಿಂದ ನಾನೇ ಒಂದು ಆರಿಸಿಕೊಂಡು, ಒಂದು ಹೋಳು ತಿಂದು, ಉಳಿದದ್ದನ್ನು ಪಕ್ಕದವರಿಗೆ ಕೊಡುತ್ತೇನೆ. ಬೆಳಗಿನ ಅಂಕಿ ಜಾಸ್ತಿ ಬಂದರೆ ಅಂಕಿ ಎಂದಷ್ಟೇ ನೋಡಿ ಡಾಕ್ಟರಿಗೆ ಹೇಳುತ್ತೇನೆ. ಬೆಲ್ಲದ ಚೂರು ಪರ್ಸಿನಲ್ಲಿ ಅಲ್ಲ, ಸೆರಗಿನ ಗಂಟಿನಲ್ಲಿ ಇರುತ್ತದೆ. ಸೆರಗಿಗೆ ಯಾರೂ ಬೀಗ ಹಾಕುವುದಿಲ್ಲ.

ಕಳೆದ ತಿಂಗಳು ಆವನಿಯಲ್ಲಿ ಒಬ್ಬ ನೆಂಟರ ಗೃಹಪ್ರವೇಶ. ಪುರೋಹಿತರು ತಡವಾಗಿ ಬಂದರು, ಹೋಮ ತಡವಾಗಿ ಹತ್ತಿತು, ಊಟದ ಹೊತ್ತು ದಾಟಿ ಎಷ್ಟೋ ಹೊತ್ತಾಯಿತು. ಭಾವ ಎಂದಿನಂತೆ ಕೈ ತೊಳೆಯಲು ಎದ್ದುಹೋಗಿ ಬಂದದ್ದನ್ನು ನಾನು ನೋಡಿದ್ದೆ. ಮಾತ್ರೆ ಒಳಗೆ ಹೋಗಿದೆ, ಊಟ ಬಂದಿಲ್ಲ. ಅಮೃತಬಳ್ಳಿಯ ಮಹಿಮೆ ಹೇಳುತ್ತಿದ್ದವರು ಮಧ್ಯದಲ್ಲಿ ಸುಮ್ಮನಾದರು. ಹಣೆಯ ಮೇಲೆ ಬೆವರು ಸಾಲಿಟ್ಟಿತು, ತೊಡೆಯ ಮೇಲಿನ ಕೈ ನಡುಗುತ್ತಿತ್ತು. ಹೊಗೆಗೆ ಹೀಗಾಗಿದೆ ಎಂದು ಯಾರೋ ಬೀಸಣಿಗೆ ಹುಡುಕಲು ಹೋದರು.

ನಾನು ಸೆರಗಿನ ಗಂಟು ಬಿಚ್ಚಿ ಅವರ ಮುಂದೆ ಬೆಲ್ಲ ಹಿಡಿದೆ.

"ಬೇಡಮ್ಮ... ನಂದು ಬಾರ್ಡರ್..."

"ಬಾರ್ಡರ್ ದಾಟಿ ಹೋಗ್ತಿದೀರ ಭಾವ. ಬಾಯಿ ತೆಗೀರಿ."

ಅಷ್ಟು ದೊಡ್ಡ ಅಧಿಕಾರಿಯಾಗಿದ್ದ ಮನುಷ್ಯ. ಕಣ್ಣು ಮಂಜಾಗುತ್ತಿದೆ, ತುಟಿ ಬಿಳಿಚಿದೆ. ಆದರೂ ಬೆಲ್ಲ ತೆಗೆದುಕೊಳ್ಳುವ ಮೊದಲು ಕತ್ತು ತಿರುಗಿಸಿ ಆ ಕಡೆ ಈ ಕಡೆ ನೋಡಿ, ಕ್ಷೀಣವಾಗಿ ಕೇಳಿದರು: "ಯಾರೂ ನೋಡ್ತಿಲ್ಲ ತಾನೆ?"

"ಎಲ್ಲರೂ ನೋಡ್ತಿದಾರೆ. ಅಗೀರಿ."

ಅವರು ಹೆಗಲ ಮೇಲಿನ ಟವಲನ್ನು ಬಾಯಿಗೆ ಅಡ್ಡ ಹಿಡಿದು, ತಲೆ ತಗ್ಗಿಸಿ ಅಗಿಯತೊಡಗಿದರು. ನಗಬೇಕೆಂದಿದ್ದೆ, ನಗು ಬರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಾನು ತಿನ್ನುತ್ತಿದ್ದುದು ಹೀಗೆಯೇ. ಟವಲನ್ನು ಎಳೆದು ಅವರ ತೊಡೆಯ ಮೇಲೆ ಹಾಕಿ, ಇನ್ನೊಂದು ಚೂರು ಬೆಲ್ಲ ಕೈಗೆ ಕೊಟ್ಟೆ.